ಗೌಡರ ಅಂಬಾಸಿಡರ್, ನಸೀರಮ್ಮನ ಬೀಗದಕೈ

ಸಕಲೇಶಪುರದ ಹಳೇ ಬಸ್ ಸ್ಟ್ಯಾಂಡಿನ ಬಳಿ, ನೀಲಿ ಟಾರ್ಪಾಲಿನ ಕೆಳಗೆ, ಮಹಾ ಸೇನಾನಿಯೊಬ್ಬರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿರುತ್ತಾರೆ. ಹೆಸರು ನಸೀರಮ್ಮ, ವಯಸ್ಸು ಐವತ್ತೆರಡು. ಆಯುಧವೆಂದರೆ ಕೀ ಕತ್ತರಿಸುವ ಒಂದು ಮಿಷನ್, ಬಾಗಿದ ಎರಡು ತಂತಿ, ಸೆರಗಿಗೆ ಚುಚ್ಚಿಕೊಂಡ ಒಂದು ಪಿನ್. ಇಷ್ಟೇ ಸಾಮಗ್ರಿಯಿಂದ ಅವರು ಗೆದ್ದ ಬೀರುಗಳು, ಶಟರುಗಳು, ಮುನಿಸಿಕೊಂಡ ಸೊಸೆಯರು ಒಳಗಿನಿಂದ ಭದ್ರ ಮಾಡಿಕೊಂಡ ಕೋಣೆಗಳು ಲೆಕ್ಕವಿಲ್ಲ. ಮಂಜರಾಬಾದ್ ಕೋಟೆಯ ಹೆಬ್ಬಾಗಿಲಿಗೆ ಹಿಂದೆ ಎಂಥ ಬೀಗವಿತ್ತೋ ನಾನರಿಯೆ. ಎಂಥದೇ ಇದ್ದರೂ ನಸೀರಮ್ಮನಿಗೆ ಅದು ಅರ್ಧ ಗ್ಲಾಸ್ ಟೀ ಆರುವಷ್ಟು ಹೊತ್ತಿನ ಕೆಲಸ.

ಆದರೆ ಈ ದಿಗ್ವಿಜಯಕ್ಕೆ ಒಂದು ಗಡಿ ಇತ್ತು. ಯಾರಾದರೂ ಕಾರಿನ ಮಾತೆತ್ತಿದರೆ ನಸೀರಮ್ಮ ಕಣ್ಣು ಕೆಳಗೆ ಹಾಕಿ ಒಂದೇ ವಾಕ್ಯ ಹೇಳುತ್ತಿದ್ದರು: "ಮನೆ ಬೀಗ ಆದ್ರೆ ನಾನೇ ಮಾಡ್ಕೊಡ್ತೀನಿ. ಕಾರಾದ್ರೆ ಅವ್ರು ಬರಬೇಕು."

ಅವರು ಎಂದರೆ ಗಂಡ ಕಲೀಮುಲ್ಲಾ ಸಾಹೇಬರು. ಅವರು ಬರುತ್ತಿರಲಿಲ್ಲ. ಆರು ವರ್ಷದ ಹಿಂದೆ ಅವರ ಕೈಗೆ ನಡುಕ ಹತ್ತಿತು. ಮಿಷನ್ನು, ಸ್ಟೂಲು, ಟಾರ್ಪಾಲು ಎಲ್ಲವನ್ನೂ ಹೆಂಡತಿಗೆ ಒಪ್ಪಿಸಿದ ಸಾಹೇಬರು ಒಂದನ್ನು ಮಾತ್ರ ಮನೆಯಲ್ಲೇ ಉಳಿಸಿಕೊಂಡರು. ಅದು ಕಾರಿನ ಕೆಲಸದ ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಸೂಜಿಯಂಥ ಅರಗಳಿದ್ದವು, ಈಗೆಲ್ಲೂ ಸಿಗದ ಹಳೆ ಕಾರುಗಳ ಹಲ್ಲು ಕೊರೆಯದ ಕೀಗಳಿದ್ದವು. ಪೆಟ್ಟಿಗೆಗೊಂದು ಹಿತ್ತಾಳೆ ಬೀಗ, ಬೀಗದಕೈ ಸಾಹೇಬರ ಉಡಿದಾರದಲ್ಲಿ. ಕಾರಿನ ಕೆಲಸ ಯಾವಾಗ ಕೊಡ್ತೀರಿ ಎಂದು ನಸೀರಮ್ಮ ಕೇಳಿದಾಗಲೆಲ್ಲ ಸಾಹೇಬರು ಸೊಂಟ ತಡವಿಕೊಂಡು, ನೋಡೋಣ, ಅದು ಬೇರೆ ವಿದ್ಯೆ ಎನ್ನುತ್ತಿದ್ದರು. ಊರಿನ ಬೀಗವನ್ನೆಲ್ಲ ಬಿಚ್ಚುವ ಹೆಂಗಸು ಮನೆಯ ಒಂದು ಪುಟಾಣಿ ಬೀಗದ ಮುಂದೆ ಆರು ವರ್ಷ ಕೈಕಟ್ಟಿ ನಿಂತರು.

ಹೀಗಿರುವಾಗ ಕಳೆದ ಜನವರಿಯಲ್ಲಿ ಹೊಂಗಡಹಳ್ಳದ ಚಂದ್ರಶೇಖರಗೌಡರ ಮೇಲೆ ಆಪತ್ತು ಎರಗಿತು. ಗೌಡರ ಬಳಿ ತಂದೆಯ ಕಾಲದ, ಎಪ್ಪತ್ತೊಂದನೇ ಇಸವಿಯ ಕೆನೆಬಣ್ಣದ ಅಂಬಾಸಿಡರ್ ಇದೆ. ಅದನ್ನು ಅವರು ಓಡಿಸುವುದಿಲ್ಲ, ಮೆರವಣಿಗೆ ಮಾಡಿಸುತ್ತಾರೆ. ಅಂದು ಕಾಫಿ ಸ್ಯಾಂಪಲ್ ತೋರಿಸಲು ಆನೇಮಹಲ್‌ನ ವ್ಯಾಪಾರಿಯ ಸ್ಟೋರಿಗೆ ಹೋದವರು, ಎರಡೇ ನಿಮಿಷದ ಕೆಲಸವೆಂದು ಕಾರನ್ನು ಸ್ಟೋರಿನ ಗೇಟಿಗೆ ಅಡ್ಡ ನಿಲ್ಲಿಸಿ, ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ಭದ್ರ ಮಾಡಿದರು. ಬೀಗದಕೈಯನ್ನು ಜೋಪಾನವಾಗಿರಲೆಂದು ಕೈಯಲ್ಲಿದ್ದ ಚೀಲದೊಳಗೆ ಹಾಕಿದರು. ಅದು ಸ್ಯಾಂಪಲ್ ಚೀಲ. ವ್ಯಾಪಾರಿ ಕಾಳನ್ನು ಮೂಸಿ, ಕಚ್ಚಿ, ತಲೆಯಾಡಿಸಿ, ಉಳಿದದ್ದನ್ನು ಪಕ್ಕದ ರಾಶಿಗೆ ಸುರಿದ. ಗೌಡರು ಕಾಫಿ ಕುಡಿದು ರಾಜಕೀಯ ಮುಗಿಸುವಷ್ಟರಲ್ಲಿ ಆ ರಾಶಿ ಮೂಟೆಯಾಗಿ, ಹಿಂಬಾಗಿಲಿನಿಂದ ಲಾರಿ ಏರಿ, ಮಂಗಳೂರಿನ ದಾರಿ ಹಿಡಿದಿತ್ತು. ಆ ಬೀಗದಕೈ ಈಗ ಯಾವ ಸಮುದ್ರದಾಚೆ ಇದೆಯೋ. ಸ್ಪೇರ್ ಕೀ ಇತ್ತಲ್ಲ ಎಂದಿರಾ? ಅದು ಹಿಂದಿನ ವರ್ಷವೇ, ಇದೇ ದಾರಿಯಲ್ಲಿ, ಹೋಗಿಯಾಗಿತ್ತು.

ಗೇಟಿನ ಹೊರಗೆ ಮೂರು ಪಿಕಪ್ಪುಗಳು ಹಾರನ್ ಹೊಡೆಯುತ್ತ ನಿಂತವು. ವ್ಯಾಪಾರಿ ಹಾಸನದಿಂದ ನವೀನ್‌ಕುಮಾರ್ ಎಂಬ ಕೀ ತಜ್ಞನಿಗೆ ಫೋನ್ ಮಾಡಿದ. ಇನ್ನು ಒಂದೂವರೆ ಗಂಟೆಯಲ್ಲಿ ಬರುತ್ತೇನೆ, ಹಳೆ ಗಾಡಿ ಅಂದರೆ ಬಾಗಿಲ ಬೀಗಗಳನ್ನು ಡ್ರಿಲ್ ಹಾಕಿ ಕಿತ್ತು ಹೊಸದು ಕೂರಿಸುವುದೇ ಎಂದು ಅವನು ಫೋನಿನಲ್ಲೇ ತೀರ್ಪು ಕೊಟ್ಟ. ಡ್ರಿಲ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಗೌಡರು ಆಟೋ ಹತ್ತಿ ನಸೀರಮ್ಮನ ಟಾರ್ಪಾಲಿಗೆ ಬಂದು, ಕಲೀಂ ಎಲ್ಲಿ ಎಂದರು.

ನಸೀರಮ್ಮ ಎಂದಿನ ವಾಕ್ಯಕ್ಕೆ ಬಾಯಿ ತೆರೆದರು. ಗೌಡರ ಮುಖ ನೋಡಿ ಮುಚ್ಚಿದರು. ಅದೇ ಆಟೋದಲ್ಲಿ ಮನೆಗೆ ಹೋಗಿ, ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಎಳೆದು ಗಂಡನ ಮುಂದಿಟ್ಟರು.

"ಕೀ ಕೊಡ್ರಿ."

ಸಾಹೇಬರು ಸೊಂಟ ತಡವಿಕೊಂಡು, ಅದು ಬೇರೆ ವಿದ್ಯೆ ಎಂದು ಶುರು ಮಾಡಿದರು.

"ಈ ಬೀಗ ತೆಗೆಯೋಕೆ ನಂಗೆ ಕೀ ಬ್ಯಾಡ," ಎಂದರು ನಸೀರಮ್ಮ. "ನೀವೇ ಕೈಯಾರೆ ಕೊಡ್ಲಿ ಅಂತ ಆರು ವರ್ಷ ಕಾದೀನಿ. ಇವತ್ತೂ ಕೊಡಲ್ಲ ಅಂದ್ರೆ ಹೇಳ್ಬುಡಿ, ಇನ್ನು ಕೇಳಲ್ಲ."

ಸಾಹೇಬರು ಗೋಡೆ ನೋಡಿದರು, ಸೂರು ನೋಡಿದರು. ಕೊನೆಗೆ ಉಡಿದಾರವನ್ನು ಹೊರಗೆಳೆದು ತೋರಿಸಿದರು. ಅದರಲ್ಲಿ ಒಂದು ತಾಯಿತ ಬಿಟ್ಟರೆ ಏನೂ ಇರಲಿಲ್ಲ.

"ಕಳ್ದೋಗ್ಬುಟ್ಟೈತೆ ಕಣೆ. ಹೊಳೇಲಿ ಮೀನು ಹಿಡಿಯೋಕೆ ಬಗ್ಗಿದಾಗ. ನಾಲ್ಕು ವರ್ಷ ಆಯ್ತು."

"ಮತ್ತೆ ಸೊಂಟ ಮುಟ್ಕೊಂತಿದ್ದದ್ದು?"

"ಮೊದಲ ಎರಡು ವರ್ಷ ಕೊಡಬಾರ್ದು ಅಂತ್ಲೇ ಕೊಡ್ಲಿಲ್ಲ. ಆಮೇಲೆ ಕೊಡೋಣ ಅನ್ನಿಸ್ತು, ಕೀ ಇರ್ಲಿಲ್ಲ. ಊರಿಗೆಲ್ಲ ಕೀ ಮಾಡ್ಕೊಟ್ಟೋನು ತನ್ನ ಕೀನೇ ಕಳ್ಕೊಂಡ ಅಂತ ಹೆಂಗೆ ಹೇಳ್ಲಿ?"

ನಸೀರಮ್ಮ ಸೆರಗಿನ ಪಿನ್ ಕಿತ್ತು ಬೀಗಕ್ಕೆ ಹಾಕಿದರು. ಕ್ಷಣದಲ್ಲಿ ಬೀಗ ಬಾಯಿಬಿಟ್ಟಿತು. ಆಮೇಲೆ ಅವರಿಗೆ ನಗು ಬಂತು. ಎಷ್ಟು ಬಂತೆಂದರೆ ಹೊರಗೆ ಕಾಯುತ್ತಿದ್ದ ಗೌಡರು, ಗಂಡ ಹೆಂಡತಿ ಜಗಳ ಜೋರಾಗಿದೆ, ತಮ್ಮ ಕಾರಿನ ಗತಿ ಮುಗಿಯಿತು ಎಂದುಕೊಂಡರು. ಸಾಹೇಬರು ನಡುಗುವ ಬೆರಳಿನಲ್ಲೇ ಪೆಟ್ಟಿಗೆ ಕೆದಕಿ, ಅಂಬಾಸಿಡರಿನದೊಂದು ಹಲ್ಲಿಲ್ಲದ ಕೀ ಹುಡುಕಿ ಹೆಂಡತಿಯ ಅಂಗೈಗೆ ಇಟ್ಟರು. ಜೊತೆಗೆ ಒಂದು ಮಾತು:

"ಬಾಗ್ಲಿಗೂ ಇಗ್ನಿಷನ್ನಿಗೂ ಒಂದೇ ಕೀ. ಡ್ರೈವರ್ ಕಡೆ ಬೀಗ ಸವ್ದಿರ್ತದೆ, ಅದು ಸುಳ್ಳು ಹೇಳ್ತದೆ. ಎಡಗಡೆ ಬಾಗ್ಲನ್ನ ಯಾರೂ ಹೊರಗಿಂದ ಕೀ ಹಾಕಿ ತೆಗಿಯಲ್ಲ. ಅದನ್ನ ಕೇಳು."

ಟಾರ್ಪಾಲು ನೋಡಿಕೊಳ್ಳಲು ಗಂಡನನ್ನು ಕೂರಿಸಿ, ಪೆಟ್ಟಿಗೆ ಹೊತ್ತು ನಸೀರಮ್ಮ ಆನೇಮಹಲ್ ತಲುಪಿದಾಗ ನವೀನ್‌ಕುಮಾರ್ ಆಗಲೇ ಬಂದು, ಲ್ಯಾಪ್‌ಟಾಪಿನ ವೈರು ಹಿಡಿದು ಅಂಬಾಸಿಡರಿಗೆ ಮೂರನೇ ಪ್ರದಕ್ಷಿಣೆ ಹಾಕುತ್ತಿದ್ದ. ವೈರು ಚುಚ್ಚಲು ಎಲ್ಲೂ ಜಾಗವಿರಲಿಲ್ಲ. ಅವನು ಡ್ರಿಲ್ಲಿಗೆ ಕೈ ಹಾಕಿದ. ಗೌಡರು ಕಾರಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತರು.

ನಸೀರಮ್ಮ ಎಡಬಾಗಿಲ ಮುಂದೆ ಮಂಡಿಯೂರಿ, ತಂತಿಗಳಿಂದ ಅದನ್ನು ತೆರೆದರು. ಬಾಗಿಲ ಒಳಹಲಗೆ ಬಿಚ್ಚಿ ಬೀಗವನ್ನು ಅಂಗೈಗೆ ತೆಗೆದುಕೊಂಡರು. ಒಳಗೆ, ಕೀಯ ಹಲ್ಲಿಗೆ ಹೊಂದಿ ಕೂರುವ ಹಿತ್ತಾಳೆ ಬಿಲ್ಲೆಗಳು ಐವತ್ತು ವರ್ಷ ಸವೆಯದೆ ಹೊಸದರಂತಿದ್ದವು. ಹಲ್ಲಿಲ್ಲದ ಕೀಯನ್ನು ತೂರಿಸಿ, ಮೇಲೆದ್ದ ಬಿಲ್ಲೆಯ ಜಾಗದಲ್ಲಿ ನಾಲ್ಕು ಸಲ ಅರ ಎಳೆದು, ಮತ್ತೆ ತೂರಿಸಿ, ಮತ್ತೆ ಎಳೆದು, ಎಲ್ಲ ಬಿಲ್ಲೆಗಳೂ ಮಟ್ಟಸವಾಗಿ ಕೂರುವವರೆಗೆ ಮುಕ್ಕಾಲು ಗಂಟೆ ತಲೆ ಎತ್ತಲಿಲ್ಲ. ಹಾರನ್ನುಗಳೂ ಸುಮ್ಮನಾದವು. ಪಿಕಪ್ಪಿನ ಡ್ರೈವರುಗಳು ಇಳಿದು ಬಂದು ಸುತ್ತ ಕುಕ್ಕರಗಾಲಲ್ಲಿ ಕೂತರು. ನವೀನ್‌ಕುಮಾರ್ ಡ್ರಿಲ್ ಕೆಳಗಿಟ್ಟು ಮೊಬೈಲಿನ ಟಾರ್ಚು ಹಿಡಿದ.

ಹೊಸ ಬೀಗದಕೈಯನ್ನು ಗೌಡರಿಗೆ ಕೊಟ್ಟರೆ ಅವರಿಗೆ ಧೈರ್ಯ ಸಾಲಲಿಲ್ಲ.

"ನೀನೇ ಹಾಕು ನಸೀರಮ್ಮ," ಎಂದರು.

ನಸೀರಮ್ಮ ಇಗ್ನಿಷನ್ನಿಗೆ ಹಾಕಿ ತಿರುವಿದರು. ಅಂಬಾಸಿಡರ್ ಎರಡು ಸಲ ಕೆಮ್ಮಿ, ಗಂಟಲು ಸರಿ ಮಾಡಿಕೊಂಡು, ಗುಡುಗಿತು. ಕಾರು ಸರಿಸಿ ಗೇಟು ಬಿಟ್ಟ ಮೇಲೆ ಡ್ರೈವರ್ ಕಡೆಯ ಬೀಗವನ್ನೂ ಬಿಚ್ಚಿ, ಸವೆದ ಬಿಲ್ಲೆಗಳ ಜಾಗಕ್ಕೆ ಪೆಟ್ಟಿಗೆಯ ಹೊಸ ಬಿಲ್ಲೆ ಜೋಡಿಸಿದರು. ಈಗ ಎರಡೂ ಬಾಗಿಲು ಒಂದೇ ಮಾತಾಡುತ್ತವೆ. ಇದನ್ನು ಕಲಿಯೋಕೆ ಯಾವತ್ತು ಬರಲಿ ಅಕ್ಕಾ ಎಂದು ನವೀನ್‌ಕುಮಾರ್ ಮೆಲ್ಲಗೆ ಕೇಳಿದ. ನಸೀರಮ್ಮ ಸೋಮವಾರ ಬಾ ಎಂದರು.

ಗೌಡರು ಸೇನಾನಿಯನ್ನು ಮುಂದಿನ ಸೀಟಿನಲ್ಲೇ ಕೂರಿಸಿಕೊಂಡು ಸಕಲೇಶಪುರಕ್ಕೆ ಮೆರವಣಿಗೆ ತಂದರು. ಟಾರ್ಪಾಲಿನ ಬಳಿ ಯಾರೋ ಒಬ್ಬರು ಹಳೇ ಜೀಪಿನ ಬೀಗ ಕೆಟ್ಟಿದೆಯೆಂದು ಬಂದು ನಿಂತಿದ್ದರು. ಸ್ಟೂಲಿನ ಮೇಲಿದ್ದ ಕಲೀಮುಲ್ಲಾ ಸಾಹೇಬರು ಗಂಭೀರವಾಗಿ ಅವರಿಗೆ ಹೇಳುತ್ತಿದ್ದುದು ಕಾರಿನ ಕಿಟಕಿಯವರೆಗೂ ಕೇಳಿಸಿತು:

"ಮನೆ ಬೀಗ ಆದ್ರೆ ನಾನೇ ಮಿಷನ್‌ಗೆ ಕೊಟ್ಟು ಮಾಡ್ಕೊಡ್ತೀನಿ. ಕಾರು, ಜೀಪು ಆದ್ರೆ ಅವ್ರು ಬರಬೇಕು."