ಕಟ್ಟುವ ಮೊದಲು ಒಮ್ಮೆ ಎತ್ತಿ

ಆ ಭಾನುವಾರ ನಾನು ಮಾಡಿದ ಕೆಲಸಗಳು ಇಷ್ಟು: ಹಾಲು ಕಾಯಿಸಿದ್ದು, ಮೊಳಕೆ ಬಂದ ಹುರುಳಿಕಾಳು ಬೇಯಲು ಇಟ್ಟದ್ದು, ಮಗಳ ಸ್ಕೂಲ್ ಶೂಗೆ ಬಿಳಿ ಪಾಲಿಷ್ ಹಚ್ಚಿ ಬಾಲ್ಕನಿಯಲ್ಲಿ ಒಣಗಿಸಿದ್ದು, ಕುಡಿಯುವ ನೀರಿನ ಕ್ಯಾನ್ ತರಿಸಿದ್ದು, ಮೂರು ದಿಂಬಿನ ಕವರು ಒಗೆದದ್ದು, ಹಳೆಯ ಹತ್ತಿ ಸೀರೆಯೊಂದನ್ನು ಚೌಕ ಚೌಕವಾಗಿ ಕತ್ತರಿಸಿದ್ದು, ಮನೆಯಲ್ಲಿರುವ ಸೌಟು, ಚಮಚ, ಇಕ್ಕಳ, ಕತ್ತರಿಗಳನ್ನೆಲ್ಲ ತೊಳೆದು ಒರೆಸಿ ನಡುಮನೆಯ ನೆಲದ ಮೇಲೆ ಸಾಲಾಗಿ ಇಟ್ಟದ್ದು. ಕೊನೆಯ ಎರಡು ಪ್ರತಿ ಭಾನುವಾರದ ಕೆಲಸಗಳಲ್ಲ.

"ಏನೇ ಇದು, ಇವತ್ತು ಸೌಟಿಗೂ ಆಪರೇಷನ್ನಾ?" ಎಂದರು ನನ್ನ ಯಜಮಾನರು, ಕಾಫಿ ಕಲಸಲು ಒಂದು ಚಮಚವೂ ಸಿಗದೆ.

ನಾನು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಯಾವ ವಿಭಾಗದವರು ಯಾವ ಕೆಲಸವನ್ನು ಹೇಗೆ ಮಾಡುತ್ತಾರೆಂದು ಕೇಳಿ, ಹಂತ ಹಂತವಾಗಿ ಬರೆದು, ಫೈಲಿಗೆ ಹಾಕುವುದು ನನ್ನ ಕೆಲಸ. ತಪಾಸಣೆಗೆ ಬಂದವರಿಗೆ ಆ ಫೈಲು ತೋರಿಸಬೇಕು. ಗೊತ್ತಿದ್ದವರು ಬಿಟ್ಟುಹೋದರೂ ಕೆಲಸ ನಿಲ್ಲಬಾರದು ಎಂದು ನಮ್ಮ ಮ್ಯಾನೇಜರ್ ಹೇಳುತ್ತಾರೆ. ನಾನೂ ಅದನ್ನು ನಂಬುತ್ತೇನೆ. ಅಡುಗೆಮನೆಯವರು ಹೇಳಿದರು, ಆಂಬುಲೆನ್ಸಿನವರು ಹೇಳಿದರು, ಔಷಧಿ ಕೌಂಟರಿನವರು ಹೇಳಿ ಹೇಳಿ ನನ್ನ ತಲೆನೋವಿಗೆ ಮಾತ್ರೆಯನ್ನೂ ಕೊಟ್ಟರು. ಬಾಯಿ ಬಿಡದೆ ಉಳಿದವರು ಒಬ್ಬರೇ, ಪ್ಯಾಕಿಂಗ್ ರೂಮಿನ ಅಕ್ಕ.

ಆಪರೇಷನ್ನಿಗೆ ಬೇಕಾದ ಕತ್ತರಿ, ಚಿಮಟಗಳನ್ನು ಟ್ರೇಯಲ್ಲಿ ಜೋಡಿಸಿ, ಹಸಿರು ಬಟ್ಟೆಯಲ್ಲಿ ಸುತ್ತಿ ಕಟ್ಟಿ, ಹಬೆಯ ಯಂತ್ರಕ್ಕೆ ಕಳಿಸುವ ಕೋಣೆ ಅದು. ಅಕ್ಕನಿಗೆ ಅಲ್ಲಿ ಇಪ್ಪತ್ತಾರು ವರ್ಷ. ಕಾಗದದಲ್ಲಿ ಅವರು ಈಗಲೂ 'ಹೆಲ್ಪರ್'. ಅವರದು ತಮಿಳು, ನನ್ನ ಕಿವಿಯಲ್ಲಿ ಅದು ಕನ್ನಡವಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

"ಅಕ್ಕಾ, ಈ ಬಟ್ಟೆಯ ಮೂಲೆ ಮಾತ್ರ ಯಾಕೆ ಒಳಕ್ಕೆ ಮಡಿಸಿದ್ರಿ?" ಎಂದು ಕೇಳಿದರೆ, "ಮಡಿಸದೇ ಬಿಟ್ರೆ ಬಿಚ್ಕೊಳ್ಳುತ್ತೆಮ್ಮಾ" ಎನ್ನುವರು. "ಊಟ ಆಯ್ತಾ? ಹೋಗಿ ಮಾಡು. ನಿನ್ನ ಪೆನ್ನಿಗೂ ಒಂಚೂರು ರೆಸ್ಟ್ ಬೇಡ್ವಾ?"

ಕೊನೆಗೆ ನಾನೇ ಆ ಕೋಣೆಯ ಗಾಜಿನ ಕಿಟಕಿಯ ಹೊರಗೆ ನಿಂತು, ಎರಡು ತಿಂಗಳು ನೋಡಿ ನೋಡಿ ಹನ್ನೊಂದು ಹಂತಗಳ ಪಟ್ಟಿ ಮಾಡಿದೆ. ನನಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮೊಮ್ಮಗಳಿಗೆ ಕಿವಿ ಚುಚ್ಚಿಸಲು ಅಕ್ಕ ಒಂದು ದಿನ ರಜೆ ಹಾಕಿದರು. ಅವತ್ತು ಕೋಣೆಯ ಉಳಿದ ಇಬ್ಬರು ಹೆಂಗಸರು ನನ್ನ ಪಟ್ಟಿ ನೋಡಿಕೊಂಡು ಟ್ರೇ ಕಟ್ಟಿದರು. ಮಧ್ಯಾಹ್ನ ಆಪರೇಷನ್ ಥಿಯೇಟರಿನಿಂದ ಒಂದು ಟ್ರೇ ವಾಪಸ್ ಬಂತು. ಅದರಲ್ಲಿ ಒಂದು ಸಾಮಾನೂ ಕಡಿಮೆ ಇರಲಿಲ್ಲ. ಆದರೆ ಅವತ್ತು ಆಪರೇಷನ್ ಮಾಡಬೇಕಿದ್ದ ಡಾಕ್ಟರು ಎಡಗೈಯವರು. ಅವರ ಕತ್ತರಿಗಳೇ ಬೇರೆ. ಪಕ್ಕದಲ್ಲಿಟ್ಟು ನೋಡಿದರೂ ನನ್ನಂಥವರಿಗೆ ವ್ಯತ್ಯಾಸ ಕಾಣುವುದಿಲ್ಲ. ಸರಿಯಾದ ಟ್ರೇ ತಯಾರಾಗುವವರೆಗೆ ಆಪರೇಷನ್ ನಿಂತಿತು. ಹಿಂದಿನ ರಾತ್ರಿಯಿಂದ ಉಪವಾಸವಿದ್ದ ಒಬ್ಬ ಹೆಂಗಸು ಸ್ಟ್ರೆಚರಿನ ಮೇಲೆ ಎರಡು ಗಂಟೆ ಕಾದರು. ಒಂದು ಗುಟುಕು ನೀರು ಕೊಡಿ ಎಂದು ಕೇಳುತ್ತಲೇ ಇದ್ದರಂತೆ. ಕೊಡುವ ಹಾಗಿರಲಿಲ್ಲ.

"ಇದಕ್ಕೇ ನಾನು ಹೇಳೋದು, ಕೆಲಸ ಒಬ್ಬರ ತಲೆಯೊಳಗೇ ಇರಬಾರದು ಅಂತ" ಎಂದರು ಮ್ಯಾನೇಜರ್. "ಸೋಮವಾರದೊಳಗೆ ಪೂರ್ತಿ ಬರೆದು ಮುಗಿಸಿ. ಆಮೇಲೆ ಆ ಅಮ್ಮನನ್ನ ಕೆಳಗೆ ಲಾಂಡ್ರಿಗೆ ಹಾಕೋಣ. ಅಲ್ಲಿ ಜನ ಸಾಲ್ತಿಲ್ಲ."

ಅವರು ಕೆಟ್ಟವರಲ್ಲ. ಖಾಲಿ ಜಾಗ ಕಂಡರೆ ತುಂಬಿಸದೆ ಇರಲಾರರು, ಅಷ್ಟೇ. ಆದರೆ ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ. ಒದ್ದೆ ಬೆಡ್‌ಶೀಟಿನ ಗಂಟು ಎತ್ತುವ ಕೆಲಸ. ಅಕ್ಕನಿಗೆ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು.

ಮರುದಿನ ನಾನು ಅಕ್ಕನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಮುಚ್ಚಿಟ್ಟು ಅವರಿಂದ ಕೇಳಿ ಬರೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

"ಹೇಳಿಕೊಟ್ರೆ ಲಾಂಡ್ರಿ. ಹೇಳಿಕೊಡದೇ ಇದ್ರೆ?" ಎಂದರು.

"ಗೊತ್ತಿಲ್ಲ ಅಕ್ಕಾ."

"ಪರವಾಗಿಲ್ಲ ನೀನು, ಏನೂ ಆಗಲ್ಲ ಅಂತ ಸುಳ್ಳು ಹೇಳ್ಲಿಲ್ಲ." ಅವರು ಒಂದು ಚಿಮಟವನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. "ಆ ಹೆಂಗಸು ನೀರು ಕೇಳ್ತಾನೇ ಇದ್ಲಾ?"

"ಹೂಂ."

ಕೆಳಗಿಟ್ಟ ಚಿಮಟವನ್ನು ಮತ್ತೆ ಎತ್ತಿ ಟ್ರೇಯಲ್ಲಿಟ್ಟರು. "ನನ್ನ ಸಿಟ್ಟು ಅವಳಿಗೆ ಯಾಕೆ ತಟ್ಟಬೇಕು, ಪಾಪ. ಭಾನುವಾರ ನಿಮ್ಮನೆಗೆ ಬರ್ತೀನಿ. ಸೌಟು ಚಮಚ ಎಲ್ಲಾ ತೊಳೆದಿಡು."

ಹಾಗೆ ಅವರು ವೇಲಚೇರಿಯ ನಮ್ಮ ಫ್ಲ್ಯಾಟಿಗೆ ಬಂದರು. ಅವರ ಮನೆ ಕೋಯಂಬೇಡಿನ ಹತ್ತಿರ, ಹಾಗಾಗಿ ಬೆಳಿಗ್ಗೆಯೇ ಅಲ್ಲಿನ ಮಾರ್ಕೆಟ್ಟಿಗೆ ಹೋಗಿ ಒಂದು ಕಟ್ಟು ನುಗ್ಗೆಕಾಯಿ ತಂದಿದ್ದರು. ಬಸ್ಸಿನಲ್ಲಿ ಅದು ಯಾರದೋ ಬೆನ್ನಿಗೆ ಚುಚ್ಚಿ ಬೈಸಿಕೊಂಡದ್ದನ್ನು ಹೇಳುತ್ತ ಚಪ್ಪಲಿ ಬಿಟ್ಟರು. ನೆಲದ ಮೇಲೆ ಕಾಲು ಚಾಚಿ ಕುಳಿತು, ನನ್ನ ಸೌಟುಗಳ ಮೇಲೆ ಒಮ್ಮೆ ಕಣ್ಣಾಡಿಸಿದರು. "ಇಷ್ಟು ಚಮಚ ಯಾಕಮ್ಮಾ? ನೀವಿರೋದು ಮೂರೇ ಜನ ತಾನೇ?"

ಆಮೇಲೆ ಹೇಳತೊಡಗಿದರು. ಎಡಗೈಯ ಡಾಕ್ಟರ ಟ್ರೇಗೆ ಬಟ್ಟೆಯ ಮೇಲಿನ ಮೂಲೆಯನ್ನು ಎರಡು ಸಲ ಒಳಕ್ಕೆ ಮಡಿಸುವುದು, ಥಿಯೇಟರಿನ ನರ್ಸಿಗೆ ಮುಟ್ಟಿದರೇ ಗೊತ್ತಾಗಲಿ ಎಂದು. ಸಣ್ಣ ಕೈಯ ಲೇಡಿ ಡಾಕ್ಟರಿಗೆ ಹಿಡಿ ಚಿಕ್ಕದಿರುವ ಚಿಮಟ. ಮೊದಲು ಬೇಕಾಗುವುದು ಮೇಲೆ, ಹೊಲಿಗೆಯದು ಕೆಳಗೆ. ಇಡ್ಲಿ ಇಕ್ಕಳ ಚಿಮಟವಾಯಿತು, ಜಾಲರಿ ಸೌಟು ಇನ್ನೇನೋ ಆಯಿತು. ನಾನು ಬರೆಯುತ್ತ ಹೋದೆ. ನನ್ನ ಹನ್ನೊಂದು ಹಂತದ ನಡುವೆ ಎಷ್ಟು ಬಿಟ್ಟಿದ್ದೆ ಎಂದು ನೋಡಿ ನಾಚಿಕೆಯಾಯಿತು.

ಆರು ಹಾಳೆ ತುಂಬಿದ ಮೇಲೆ ಅಕ್ಕ ಕೈ ಒರೆಸಿಕೊಂಡರು. "ಅಷ್ಟೇಮ್ಮಾ. ಎಲ್ಲಾ ಕೊಟ್ಟಾಯ್ತು. ಇನ್ನು ನಾನು ಅಲ್ಲಿ ಯಾಕೆ?"

ಅವರು ಅದನ್ನು ನಗುತ್ತಲೇ ಹೇಳಿದರು. ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ, ಹಾಕಿದೆ.

ಕೈ ಸುಮ್ಮನಿರದೆ ಅಕ್ಕ ಉಳಿದ ಚಮಚಗಳನ್ನೂ ಒಂದು ತಟ್ಟೆಯಲ್ಲಿ ಜೋಡಿಸಿ ಬಟ್ಟೆ ಸುತ್ತಿದರು. ದಾರ ಬಿಗಿಯುವ ಮೊದಲು ಗಂಟನ್ನು ಎರಡು ಕೈಯಲ್ಲಿ ಒಂದು ಗೇಣು ಮೇಲೆತ್ತಿ, ಮತ್ತೆ ಇಳಿಸಿ, ಆಮೇಲೆ ಕಟ್ಟಿದರು. ಬೆಳಿಗ್ಗೆಯಿಂದ ಪ್ರತಿ ಗಂಟಿಗೂ ಹಾಗೇ ಮಾಡಿದ್ದರು. ಆಸ್ಪತ್ರೆಯಲ್ಲಿ ಕಿಟಕಿಯಾಚೆಯಿಂದ ನೋಡುವಾಗ, ಕಟ್ಟುವ ಹೊತ್ತಿಗೆ ನನಗೆ ಅವರ ಬೆನ್ನಷ್ಟೇ ಕಾಣುತ್ತಿತ್ತು.

"ಅಕ್ಕಾ, ಕಟ್ಟೋ ಮೊದಲು ಒಂದ್ಸಲ ಎತ್ತಿ ಇಡ್ತೀರಲ್ಲ, ಯಾಕೆ?"

"ಎಲ್ಲಿ ಎತ್ತಿದೆ?"

"ಈಗಷ್ಟೇ."

ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. "ಎತ್ತಿದ್ರೆ ಗೊತ್ತಾಗುತ್ತಲ್ಲ, ಎಲ್ಲಾ ಇದ್ಯೋ ಇಲ್ವೋ ಅಂತ. ಎಣಿಸೋವಾಗ ಕಣ್ಣು ಮೋಸ ಮಾಡುತ್ತೆ. ಕೈ ಮಾಡಲ್ಲ."

"ಎಷ್ಟು ಭಾರ ಇರಬೇಕು?"

"ಎಷ್ಟು ಅಂದ್ರೆ? ಅದರಷ್ಟು."

ನನ್ನ ಮಗಳಿಗೆ ಏಳನೇ ಕ್ಲಾಸು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಲ್ಲೇ ಉತ್ತರ ಕೊಡುವವಳು. ಅವಳಿಗೆ ಇದು ನಂಬಿಕೆಯಾಗಲಿಲ್ಲ. ಗಂಟುಗಳನ್ನು ಬಾಲ್ಕನಿಗೆ ಒಯ್ದು, ಏನೋ ಮಾಡಿ, ತಂದು ಮುಂದಿಟ್ಟಳು. "ಪಾಟಿ, ಇಪ್ಪೋ ಸೊಲ್ಲುಂಗ" ಎಂದಳು, ಈಗ ಹೇಳಿ ಅಜ್ಜಿ ಎಂದು.

ಅಕ್ಕ ಮೊದಲನೆಯದನ್ನು ಎತ್ತಿದರು. "ಇದು ಸರಿಯಾಗಿದೆ." ಎರಡನೆಯದು. "ಒಂದು ಕಮ್ಮಿ. ಚಿಕ್ಕದು." ಮಗಳು ಬೆನ್ನ ಹಿಂದಿನಿಂದ ಉಪ್ಪಿನಕಾಯಿ ಚಮಚ ತೆಗೆದಳು. ಮೂರನೆಯದನ್ನು ಎತ್ತಿ, ಇಳಿಸಿ, ಮತ್ತೆ ಎತ್ತಿದರು. "ಇದರಲ್ಲಿ ಜಾಸ್ತಿ ಇದೆ. ಏನಿಟ್ಟೆ, ಕಳ್ಳಿ?"

ಅವಳು ಇಟ್ಟದ್ದು ತನ್ನ ಅಪ್ಪನ ಗಾಡಿಯ ಕೀ. ಅದಕ್ಕಾಗಿ ಅವರು ಒಳಗೆ ಹತ್ತು ನಿಮಿಷದಿಂದ ಹುಡುಕುತ್ತಿದ್ದರು.

ನಾನೂ ಗಂಟುಗಳನ್ನು ಎತ್ತಿ ನೋಡಿದೆ. ಮೂರೂ ಒಂದೇ ಅನ್ನಿಸಿತು. ಇದನ್ನು ಬರೆಯಲು ಬರುವುದಿಲ್ಲ ಎಂದು ಆಗ ತಿಳಿಯಿತು. ಪಕ್ಕದಲ್ಲಿ ನಿಂತು ಎತ್ತಿ ಎತ್ತಿಯೇ ಕಲಿಯಬೇಕು. ಹಾಗಾದರೆ ಅದನ್ನೇ ಬರೆಯೋಣ ಎನ್ನಿಸಿತು. ಏಳನೆಯ ಹಾಳೆ ತೆಗೆದು ಹನ್ನೆರಡನೆಯ ಹಂತ ಬರೆದೆ: ಗಂಟು ಕಟ್ಟುವ ಮೊದಲು ಕೋಣೆಯ ಹಿರಿಯರು ಅದನ್ನು ಎತ್ತಿ ನೋಡಬೇಕು. ಹೊಸಬರು ಅವರ ಜೊತೆ ನಿಂತು, ತಾವೂ ಎತ್ತಿ, ಕೈಗೆ ಬರುವವರೆಗೆ ಕಲಿಯಬೇಕು. ಅಲ್ಲಿಯವರೆಗೆ ಹಿರಿಯರನ್ನು ಬೇರೆಡೆಗೆ ಕಳಿಸಬಾರದು.

ಹಾಳೆಗಳ ಫೋಟೋ ತೆಗೆದು, ಎಡಗೈ ಟ್ರೇಯ ಮಾತನ್ನೂ ಚಮಚದ ಪರೀಕ್ಷೆಯನ್ನೂ ನಾಲ್ಕು ಸಾಲಿನಲ್ಲಿ ಸೇರಿಸಿ, ಆಗಲೇ ಮ್ಯಾನೇಜರಿಗೆ ಕಳಿಸಿದೆ. ರಜೆಯ ದಿನ ನೋಡುತ್ತಾರೋ ಇಲ್ಲವೋ ಎಂದುಕೊಂಡು ಮುದ್ದೆಗೆ ನೀರಿಟ್ಟೆ. ಅಕ್ಕ ನುಗ್ಗೆಕಾಯಿ ಹೆಚ್ಚಲು ಕುಳಿತರು. ನನ್ನ ಫೋನು ಸದ್ದು ಮಾಡಿದಾಗ ಅವರ ಚಾಕು ನಿಂತಿತು.

'ಹಿರಿಯರು ಅಂದರೆ ಯಾರು? ಹುದ್ದೆ ಬರೆಯಿರಿ' ಎಂದಿತ್ತು.

ಹೆಲ್ಪರ್ ಎಂದು ಬರೆಯಲು ಕೈ ಬರಲಿಲ್ಲ. 'ಪ್ಯಾಕಿಂಗ್ ಪರಿಶೀಲಕಿ' ಎಂದು ಕಳಿಸಿದೆ. ಅಂಥ ಹುದ್ದೆ ನಮ್ಮಲ್ಲಿ ಇರಲೇ ಇಲ್ಲ. ಮುದ್ದೆಯ ನೀರು ಕುದಿಯುವವರೆಗೆ ಉತ್ತರ ಬರಲಿಲ್ಲ. ಹಿಟ್ಟು ಹಾಕಿದೆ, ತಿರುವಿದೆ. ಆಮೇಲೆ ಬಂತು: 'ಸರಿ. ಸಂಬಳದ ವಿಷಯ ಈಗ ಎತ್ತಬೇಡಿ. ಲಾಂಡ್ರಿಗೆ ಬೇರೆಯವರನ್ನ ನೋಡ್ತೀನಿ.'

ಓದಿ ಹೇಳಿದೆ. ಅಕ್ಕ ತಲೆಯಾಡಿಸಿ ಮತ್ತೆ ನುಗ್ಗೆಕಾಯಿಗೆ ಕೈ ಹಾಕಿದರು. ಸ್ವಲ್ಪ ಹೊತ್ತಾದ ಮೇಲೆ, "ಪರಿಶೀಲಕಿ ಅಂದ್ರೆ ಏನಮ್ಮಾ?" ಎಂದರು.

"ಎತ್ತಿ ನೋಡೋರು ಅಕ್ಕಾ."

"ಓ. ಅದಕ್ಕೂ ಒಂದು ಹೆಸರಾ?" ಸೆರಗಿನಿಂದ ಮುಖ ಒರೆಸಿಕೊಂಡರು. "ನಿಮ್ಮನೆ ಈರುಳ್ಳಿ ಬಲೇ ಖಾರ" ಎಂದರು. ಈರುಳ್ಳಿ ಇನ್ನೂ ಬುಟ್ಟಿಯಲ್ಲೇ ಇತ್ತು.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು, ನುಗ್ಗೆಕಾಯಿ ಪಲ್ಯ, ಅನ್ನ, ಮಜ್ಜಿಗೆ. "ಇದು ನಮ್ಮ ಕಳಿ ತಾನೇ" ಎಂದು ಮುದ್ದೆಯನ್ನು ತಮಿಳಿನ ಹೆಸರಿನಿಂದಲೇ ಕರೆಯುತ್ತ ಅಕ್ಕ ಎರಡು ಮುದ್ದೆ ತಿಂದರು. ಊಟವಾದ ಮೇಲೆ ಫ್ಯಾನಿನ ಕೆಳಗೆ ಚಾಪೆ ಹಾಸಿದೆ. ಯಜಮಾನರು ಗಾಡಿಯ ಕೀ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡು ಒಳಗೆ ಹೋದರು. ಮಗಳು ಗೋಡೆಗೆ ಒರಗಿ ಗಂಟುಗಳನ್ನು ಒಂದೊಂದಾಗಿ ಎತ್ತುತ್ತಿದ್ದಳು, ಇಳಿಸುತ್ತಿದ್ದಳು, ಸದ್ದಾಗದ ಹಾಗೆ. ಮೊದಲು ನಿದ್ದೆ ಹೋದವರು ಅಕ್ಕ. ಅವರ ಎರಡು ಕೈಗಳೂ ಹೊಟ್ಟೆಯ ಮೇಲೆ ಅಂಗೈ ಮೇಲಾಗಿ ತೆರೆದಿದ್ದವು.