ಉಸಿರು ಬಿಡದ ತಕ್ಕಡಿ

ಕೊಳ್ಳೇಗಾಲದಲ್ಲಿ ನಮಗಿದ್ದ ಕೆಮಿಸ್ಟ್ರಿ ಮೇಷ್ಟ್ರು ಅಕ್ಕಸಾಲಿಯೊಬ್ಬರಿಂದ ಕೊಂಡ ಪುಟ್ಟ ತಕ್ಕಡಿಯಲ್ಲಿ ಮೈಲುತುತ್ತದ ನೀಲಿ ಹರಳು ತೂಗುತ್ತಿದ್ದರು. ಅದನ್ನು ಕಾಯಿಸಿ, ಬೆಳ್ಳಗಾದ ಪುಡಿಯನ್ನು ಮತ್ತೆ ತೂಗಿ, ಆವಿಯಾದ ನೀರೆಷ್ಟೆಂದು ನಮ್ಮಿಂದ ಲೆಕ್ಕ ಮಾಡಿಸುತ್ತಿದ್ದರು. ತೂಗುವಾಗ ಶಲ್ಯದ ತುದಿಯಿಂದ ಬಾಯಿ ಮುಚ್ಚಿಕೊಂಡು, "ಉಸ್ರು ಬುಡ್ಬೇಡ್ರಲಾ, ತಟ್ಟೆ ಅಲ್ಲಾಡ್ತದೆ" ಎನ್ನುತ್ತಿದ್ದರು.

ಅವರ ಪುಟ್ಟ ಮಗಳು ಚಳಿಜ್ವರದಿಂದ ತೀರಿಕೊಂಡಳೆಂದು ಕೇಳಿ ನಾವು ಮನೆಗೆ ಓಡಿದೆವು. ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ಮೇಷ್ಟ್ರ ಹೆಂಡತಿ, "ಇನ್ನೂ ಉಸ್ರು ಅದೆ ಕಣ್ರಿ, ಸರ್ಯಾಗಿ ನೋಡಿ" ಎಂದು ಗಂಡನನ್ನು ಗೋಗರೆಯುತ್ತಿದ್ದರು.

ಮೇಷ್ಟ್ರು ಒಳಗಿಂದ ತಕ್ಕಡಿ ತಂದು, ಒಂದು ತಟ್ಟೆ ಮಗುವಿನ ಮೂಗಿನ ಹತ್ತಿರ ತೂಗುವಂತೆ ಎತ್ತಿ ಹಿಡಿದರು. ಶಲ್ಯದಿಂದ ಬಾಯಿ ಮುಚ್ಚಿಕೊಂಡರು. ಅವರು ಹೇಳದಿದ್ದರೂ ನಾವೆಲ್ಲ ಉಸಿರು ಬಿಗಿಹಿಡಿದೆವು.

ತಟ್ಟೆ ಅಲ್ಲಾಡಿತು.

"ನೋಡಿ, ಅಲ್ಲಾಡ್ತು!" ಎಂದರು ಆಕೆ.

ತೂಗುವಾಗ ಎಂದೂ ನಡುಗದ ಮೇಷ್ಟ್ರ ಕೈ ನಡುಗುತ್ತಿತ್ತು.