ಅಂಗಿಯ ಕಿಸೆಯಲ್ಲಿ ಎರಡು ಕಾರ್ಡು

ಮತದಾನಕ್ಕೆ ಇನ್ನೂ ಒಂದು ವಾರವಿತ್ತು. ನನ್ನ ಯಜಮಾನರು ಪಾಳಿ ಮುಗಿಸಿ ಬಂದು, ಬಿಳಿ ಅಂಗಿಗೆ ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದರು. ಹೋದ ಸಲ ವೋಟರ್ ಕಾರ್ಡು ಮನೆಯಲ್ಲೇ ಮರೆತು, ಮತಗಟ್ಟೆಯಿಂದ ಬಿಸಿಲಲ್ಲಿ ತಿರುಗಿ ಬಂದಿದ್ದೆವು. ಅದಕ್ಕೇ ಈ ಸಲ ಇಬ್ಬರ ಕಾರ್ಡಿಗೂ ಒಂದೇ ರಬ್ಬರ್ ಸುತ್ತಿ, ಆ ಅಂಗಿಯ ಕಿಸೆಯಲ್ಲೇ ಇಟ್ಟರು. ಇಡುವ ಮುಂಚೆ ನನ್ನ ಫೋಟೋ ನೋಡಿ ನಕ್ಕರು.

“ಇದರಾಗ ನೀ ದೆವ್ವದಂಗ ಕಾಣ್ತಿ.”

“ನಿಮ್ಮದೇನ್ ಚಂದ ಐತ್ರಿ? ಪೊಲೀಸರು ಹಿಡಕೊಂಡು ಬಂದಂಗ ಐತಿ.”

ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ.

ನಮ್ಮವರಲ್ಲಿ ತೀರಿಕೊಂಡವರಿಗೆ ಸ್ನಾನ ಮಾಡಿಸಿ, ಒಗೆದ ಬಟ್ಟೆ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂತಂತೆಯೇ ಮಣ್ಣು ಮಾಡುತ್ತಾರೆ. ಧಾರವಾಡದ ಕಡೆಯಿಂದ ಬಂದ ನೆಂಟರ ಕೈಗೆ ಸಿಕ್ಕಿದ್ದು ಗೂಟದ ಮೇಲಿನ ಆ ಅಂಗಿ. ಹೂವಿನ ಮಾಲೆಗಳ ಕೆಳಗೆ ಕಿಸೆ ಯಾರಿಗೂ ಕಾಣಲಿಲ್ಲ.

ಮೂರನೆಯ ದಿನ ಸಮಾಧಿಗೆ ಹಾಲು ಎರೆಯುವಾಗ ನನಗೆ ಕಾರ್ಡು ನೆನಪಾಯಿತು. ಮೈದುನನಿಗೆ ಹೇಳಿದೆ. ಅವನು ಹಾಲಿನ ತಂಬಿಗೆ ಕೆಳಗಿಟ್ಟ.

“ಮುಚ್ಚಿದ ಮಣ್ಣು ಕೆದರಬಾರದು ವೈನಿ. ಇರ್ಲಿ ಬಿಡ್ರಿ, ಅಣ್ಣಗ ನಿಮ್ಮ ಮುಖ ಬೇಕಾಗಿತ್ತೇನೋ.”

ಸಮಾಧಾನಕ್ಕೆ ಹೇಳಿದ ಮಾತದು. ಅಂದಿನಿಂದ ಮುಖ ಎಷ್ಟು ತೊಳೆದರೂ ಹಸಿಮಣ್ಣಿನ ವಾಸನೆ ಬರುತ್ತದೆ.

ಕಾರ್ಡಿಲ್ಲದೆ ಮತ ಹಾಕಲು ಹೋಗುವುದು ಬೇಡವೆಂದಿದ್ದೆ. ಪಕ್ಕದ ಮನೆಯ ಅಕ್ಕ ಬಿಡಲಿಲ್ಲ.

“ಅವರು ಒಂದ್ ಸಲಾನೂ ತಪ್ಪಿಸಿದವರಲ್ಲ. ನೀ ತಪ್ಪಿಸ್ತಿ ಏನು? ಆಧಾರ್ ಇದ್ರೂ ನಡೀತೈತಿ. ಹೋಗೂಣು ನಡಿ.”

ಬಂಗೂರನಗರದ ಶಾಲೆಯೊಂದರಲ್ಲಿ ನಮ್ಮ ಮತಗಟ್ಟೆ. ಮೇಜಿನ ಹಿಂದೆ ಕೂತವರು ಕೇಳಿದರು:

“ವೋಟರ್ ಕಾರ್ಡ್ ಎಲ್ಲೈತ್ರಿ?”

“ಯಜಮಾನರ ಹತ್ರ ಐತ್ರಿ,” ಎಂದುಬಿಟ್ಟೆ.

“ಹಂಗಾರ ಅವರನ್ನ ಕರೀರಿ.”

ಮೇಜಿನ ಹಿಂದಿನವರು ಗಂಡಸರ ಸಾಲಿನತ್ತ ಕತ್ತು ಚಾಚಿದರು. ನಾನೂ ತಿರುಗಿದೆ. ಸಾಲಿನ ಕೊನೆಗೆ ಬಿಳಿ ಅಂಗಿಯವರೊಬ್ಬರು ಗೋಡೆಗೆ ಒರಗಿದ್ದರು. ಮುಖ ಆ ಕಡೆಗಿತ್ತು, ಕೈ ಕಿಸೆಯ ಮೇಲಿತ್ತು. ಕರೆಯಲು ನನ್ನ ಬಾಯಿ ತೆರೆದೇ ಇತ್ತು.

ಅಕ್ಕ ನನ್ನ ಕೈಯಿಂದ ಆಧಾರ್ ಕಸಿದು ಮೇಜಿನ ಮೇಲಿಟ್ಟರು. “ಇದನ್ನ ನೋಡ್ರಿ ಸರ. ಅವರು ತೀರ್ಕೊಂಡಾರ.”

ಬೆರಳಿಗೆ ಶಾಯಿ ಹಚ್ಚಿದರು. ಮತ ಹಾಕಿ ಹೊರಬಂದಾಗ ಗೋಡೆಯ ಹತ್ತಿರ ಯಾರೂ ಇರಲಿಲ್ಲ.

ಹೊಸ ಕಾರ್ಡು ಬೇಕೆಂದರೆ ಹಳೆಯದು ಕಳೆದಿದೆ ಎಂದು ಬರೆದುಕೊಡಬೇಕಂತೆ. ಅದು ಕಳೆದಿಲ್ಲ, ಎಲ್ಲಿದೆ ಎಂದು ನನಗೆ ಗೊತ್ತು. ಹಾಗಾಗಿ ಬರೆದುಕೊಟ್ಟಿಲ್ಲ. ಬೆರಳಿನ ಶಾಯಿ ಉಗುರಿನ ಜೊತೆ ಬೆಳೆದು ಹೋಯಿತು. ನನ್ನ ವೋಟರ್ ಕಾರ್ಡು ಇನ್ನೂ ನನ್ನ ಹತ್ತಿರ ಇಲ್ಲ.